ಕಡಲಹಕ್ಕಿಯ ಹೊಟ್ಟೆಯಲ್ಲಿ ಒಂಬತ್ತು ಕಾಳು

ನೀಲಕ್ಕನಿಗೆ "ಬಾಯಿ ಮುಚ್ಚಿಕೊಂಡು ಸುಮ್ಮನಿರಿ" ಎಂದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಬಂದು, "ಏನಯ್ಯಾ ಯತಿರಾಜ, ಆ ಹೆಂಗಸನ್ನು ಇಷ್ಟು ಹೊಗಳುತ್ತೀಯಲ್ಲ, ಅವತ್ತು ನೀನೇನು ಮಾಡಿದೆ?" ಎಂದು ಕೇಳುವ ತಾಪತ್ರಯ ಬೇಡ.

ನೀಲಕ್ಕ, ಅಂದರೆ ನೀಲವ್ವ, ಗದಗಿನ ಕಡೆಯವರು. ವಯಸ್ಸು ಅರವತ್ತೊಂದು. ಗಂಡ ಶಿವಲಿಂಗಯ್ಯನವರ ಜೊತೆ ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಬಂದು ಮೂವತ್ತೆಂಟು ವರ್ಷವಾಯಿತು. ಶಿವಲಿಂಗಯ್ಯನವರು ಮಣ್ಣು ಪರೀಕ್ಷೆ ಮಾಡುವ ವಿಜ್ಞಾನಿ, ಈಗ ನಿವೃತ್ತರು. ಅವರ ಮನೆ ಒಂದನೇ ಮಹಡಿಯಲ್ಲಿ, ನಮ್ಮದು ಮೂರನೆಯದರಲ್ಲಿ. ನಾನು ಮೈಸೂರಿನವನು, ಸಾಫ್ಟ್‌ವೇರ್ ಕೆಲಸ, ಅದರ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ನನ್ನ ಹೆಂಡತಿ ಮಧುಮತಿ ಬೆಂಗಳೂರಿನವಳು, ಹಕ್ಕಿಗಳ ವಿಜ್ಞಾನಿ. ಇಲ್ಲಿಂದ ಒಂದು ಗಂಟೆ ರೈಲಿನ ದಾರಿಯಲ್ಲಿರುವ ಹಳೆಯ ಮ್ಯೂಸಿಯಮ್ಮೊಂದರಲ್ಲಿ ಅವಳಿಗೆ ಕೆಲಸ. ಅದೇ ಮ್ಯೂಸಿಯಮ್ಮಿನಲ್ಲಿ ನೀಲಕ್ಕ ವಾರಕ್ಕೆ ಎರಡು ದಿನ ಹರಿದ ಹಕ್ಕಿಗಳನ್ನು ಹೊಲಿಯುತ್ತಿದ್ದರು. ಮೊದಲ ಸಲ ಮೆಟ್ಟಿಲ ಮೇಲೆ ಸಿಕ್ಕಾಗ ನಾನು ವಿನಯದಿಂದ "ಆಂಟಿ" ಎಂದೆ. "ಆಂಟಿ ಅನಬ್ಯಾಡ ತಮ್ಮಾ, ಬ್ಯಾರೆ ಯಾರನ್ನೋ ಕರದಂಗ ಆಗತೈತಿ. ಅಕ್ಕ ಅನ್ನು" ಎಂದರು. ಅಂದಿನಿಂದ ನೀಲಕ್ಕ.

ಹರಿದ ಹಕ್ಕಿ ಎಂದರೆ ಗಾಜಿನ ಪೆಟ್ಟಿಗೆಯಲ್ಲಿ ರೆಕ್ಕೆ ಬಿಚ್ಚಿ ನಿಂತ ಹಕ್ಕಿಯಲ್ಲ. ಒಳಗಿನ ಮಾಂಸ ತೆಗೆದು, ಗರಿಸಮೇತ ಚರ್ಮಕ್ಕೆ ಹತ್ತಿ ತುಂಬಿ, ಹೊಟ್ಟೆಯ ಮೇಲೆ ಹೊಲಿಗೆ ಹಾಕಿ, ಕಾಲಿಗೆ ಚೀಟಿ ಕಟ್ಟಿ, ಡ್ರಾಯರಿನಲ್ಲಿ ಅಂಗಾತ ಮಲಗಿಸಿದ ಹಕ್ಕಿ. ನೂರು ವರ್ಷ ದಾಟಿದ ಮೇಲೆ ದಾರ ಕೊಳೆತು ಹೊಟ್ಟೆ ಬಿಚ್ಚಿಕೊಳ್ಳುತ್ತದೆ. ಹದಿನಾಲ್ಕು ವರ್ಷದ ಹಿಂದೆ, ಜನರನ್ನು ಒಳಗೆಲ್ಲ ಬಿಡುವ ಒಂದು ದಿನ ಗಂಡನ ಜೊತೆ ಹೋಗಿದ್ದ ನೀಲಕ್ಕ ಅಂಥದ್ದೊಂದನ್ನು ಕಂಡು, ಗದಗಿನ ರಾಗದ ಜರ್ಮನ್‌ನಲ್ಲಿ, "ಇದನ್ನು ಹೊಲಿದವರು ಯಾರು? ಕೌದಿಯನ್ನು ಹೀಗೆ ಹೊಲಿದಿದ್ದರೆ ನಮ್ಮಜ್ಜಿ ಕೈ ಮೇಲೆ ಬಾರಿಸುತ್ತಿದ್ದಳು" ಎಂದರಂತೆ. ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅವರ ತವರಿನ ಹೆಂಗಸರದು ಎತ್ತಿದ ಕೈ. ಹಕ್ಕಿ ವಿಭಾಗದ ಮುಖ್ಯಸ್ಥೆ ಫ್ರಾವ್ ಕೆಸ್ಲರ್, ಅಂದರೆ ಶ್ರೀಮತಿ ಕೆಸ್ಲರ್, ನಗಲಿಲ್ಲ. ಒಂದು ಸೂಜಿ ಕೊಟ್ಟು "ತೋರಿಸಿ" ಎಂದರು. ಇವರು ತೋರಿಸಿದರು. ಮುಂದಿನ ತಿಂಗಳಿಂದ ಕೆಲಸ.

ನೀಲಕ್ಕನೋ ಮನೆಯೊಳಗೆ ಮೊಟ್ಟೆ ಬಿಟ್ಟುಕೊಳ್ಳದವರು. ಯಾರಾದರೂ ಕೇಕ್ ತಂದರೆ ಪೊಟ್ಟಣದ ಹಿಂದಿನ ಸಣ್ಣಕ್ಷರವನ್ನೆಲ್ಲ ಓದಿಸಿ ಆಮೇಲೆ ಕೈ ಚಾಚುವವರು. ಸಂಜೆ ಮ್ಯೂಸಿಯಮ್ಮಿನಿಂದ ಬಂದು ತಲೆಗೆ ನೀರು ಹಾಕಿಕೊಂಡು, ಲಿಂಗಪೂಜೆ ಮುಗಿಸದೆ ಚಹಾ ಕೂಡ ಮುಟ್ಟುತ್ತಿರಲಿಲ್ಲ. "ಸತ್ತ ಹಕ್ಕಿ ಮುಟ್ಟೋಕೆ ನಿಮಗೆ ಹೇಗೆ ಮನಸ್ಸು ಬರುತ್ತೆ ನೀಲಕ್ಕ?" ಎಂದು ಒಮ್ಮೆ ಕೆಣಕಿದೆ.

"ಕೊಂದಾಕಿ ನಾನಲ್ಲ. ಹರದದ್ದನ್ನ ಹೊಲದರ ಏನ್ ಪಾಪ ಬರತೈತಿ? ನೀ ಮೊದಲ ನಿನ್ನ ಅಂಗಿ ಗುಂಡಿ ಹಚ್ಚಿಕೊಳ್ಳೂದು ಕಲಿ," ಎಂದರು.

ಎರಡು ವರ್ಷದ ಹಿಂದೆ ಮಧುವನ್ನು ಕರೆದುಕೊಂಡು ಬರಲು ಹೋದವನಿಗೆ ನೀಲಕ್ಕ ಒಂದು ಡ್ರಾಯರ್ ಎಳೆದು ತೋರಿಸಿದರು. ಆಲ್ಬಟ್ರಾಸ್ ಎಂಬ ಹನ್ನೊಂದು ಕಡಲಹಕ್ಕಿಗಳು. ಪೆಸಿಫಿಕ್ ಸಾಗರದ ನಡುವೆ ಯಾವ ಊರಿಗೂ ಹತ್ತಿರವಲ್ಲದ ಒಂದು ಚೂರು ದ್ವೀಪದವು. ಬಿಳಿ ಎದೆ, ಕಪ್ಪು ರೆಕ್ಕೆ, ಕಣ್ಣಿದ್ದ ಕಡೆ ಹತ್ತಿ. "ರೆಕ್ಕಿ ಬಿಚ್ಚಿದ್ರ ನಿನ್ನ ಎತ್ತರಕ್ಕಿಂತ ಅಗಲ," ಎಂದರು ನೀಲಕ್ಕ. ಮಧು ಒಂದೊಂದಾಗಿ ಹೇಳುತ್ತಾ ಹೋದಳು. ಮರಿ ಒಮ್ಮೆ ಹಾರಿ ಹೋದರೆ ಮೂರು ನಾಲ್ಕು ವರ್ಷ ನೆಲವನ್ನೇ ಮುಟ್ಟುವುದಿಲ್ಲವಂತೆ. ಕುಡಿಯುವುದು ಸಮುದ್ರದ ನೀರು, ಉಪ್ಪನ್ನು ಕೊಕ್ಕಿನ ಮೇಲಿನ ತೂತಿನಿಂದ ಹೊರಗೆ ಹಾಕುತ್ತದಂತೆ. ಮರಿಗೆ ಒಂದು ತುತ್ತು ತರಲು ಸಾವಿರಾರು ಕಿಲೋಮೀಟರ್ ಹೋಗಿ ಅದೇ ದ್ವೀಪದ ಅದೇ ಗೂಡಿಗೆ ವಾಪಸ್ಸು. ಅರವತ್ತು ವರ್ಷ ದಾಟಿದ ಮೇಲೂ ಮೊಟ್ಟೆ ಇಟ್ಟವು ಇವೆ. ನಾನೋ, ಹುಟ್ಟಿದ ಮೈಸೂರಿನಲ್ಲೇ ಫೋನ್ ನೋಡದೆ ಚಿಕ್ಕಪ್ಪನ ಮನೆ ಹುಡುಕಲಾರೆ. "ಅಬ್ಬಾ" ಎಂದೆ.

ಅವು ಇಲ್ಲಿಗೆ ಬಂದ ಕಥೆ ಕೇಳಿದರೆ ಮಾತ್ರ ಮೈ ಉರಿಯುತ್ತದೆ. ನೂರಿಪ್ಪತ್ತು ವರ್ಷದ ಹಿಂದೆ ಯುರೋಪಿನ ಹೆಂಗಸರ ಟೋಪಿಗೆ ಗರಿ ಬೇಕಿತ್ತು, ಚಳಿಗೆ ಗರಿ ತುಂಬಿದ ಹಾಸಿಗೆ ಬೇಕಿತ್ತು. ವ್ಯಾಪಾರಿಗಳು ಅಂಥ ದ್ವೀಪಗಳಿಗೆ ಕೂಲಿಯವರನ್ನು ಹಡಗಿನಲ್ಲಿ ಒಯ್ದು ಇಳಿಸಿ, ತಿಂಗಳುಗಟ್ಟಲೆ ಅಲ್ಲೇ ಬಿಟ್ಟು ಹೋಗುತ್ತಿದ್ದರು. ಆ ಹಕ್ಕಿಗಳಿಗೆ ಮನುಷ್ಯ ಎಂದರೆ ಏನೆಂದೇ ಗೊತ್ತಿಲ್ಲ. ಹೆದರಿ ಓಡುವುದಿಲ್ಲ, ಗೂಡು ಬಿಟ್ಟು ಏಳುವುದಿಲ್ಲ, ಹತ್ತಿರ ಬಂದವನ ಮುಖವನ್ನೇ ನೋಡುತ್ತಾ ಕೂರುತ್ತವೆ. ಬಡಿಗೆ ಎತ್ತಿದರೆ ಮುಗಿಯಿತು. ಲಕ್ಷಗಟ್ಟಲೆ ಬಡಿದರು. ಗರಿ ಮುಗಿದ ಮೇಲೆ, ಸಾವಿರಾರು ವರ್ಷದಿಂದ ನೆಲದ ಮೇಲೆ ಬಿದ್ದಿದ್ದ ಹಿಕ್ಕೆಯನ್ನೂ ಕೆರೆದು ಗೊಬ್ಬರವೆಂದು ಸಾಗಿಸಿದರು. "ಅಂಥಾ ಹಿಕ್ಕಿ ತಿಂದ ಹೊಲಾನ ನಾ ಇಲ್ಲಿ ಮೂವತ್ತ ವರ್ಷ ಪರೀಕ್ಷಾ ಮಾಡೀನಿ. ಹಕ್ಕಿ ಅಲ್ಲೆ ಸತ್ತು, ಬೆಳಿ ಇಲ್ಲೆ ಬಂತು," ಎನ್ನುತ್ತಾರೆ ಶಿವಲಿಂಗಯ್ಯನವರು.

ಗರಿಯ ಮೂಟೆ ಹೇರಿದ ಹಡಗಿನ ಕ್ಯಾಪ್ಟನ್ ಒಬ್ಬ ಈ ಹನ್ನೊಂದು ಚರ್ಮಗಳನ್ನು ತಂದು ಮ್ಯೂಸಿಯಮ್ಮಿಗೆ ಕೊಟ್ಟ. ಪ್ರತಿ ಚೀಟಿಯ ಮೇಲೂ ಅವನ ಹೆಸರು ಅಂದವಾದ ಅಕ್ಷರದಲ್ಲಿದೆ. ಸುಲಿದು, ತುಂಬಿ, ಹೊಲಿದವನ ಹೆಸರು ಎಲ್ಲೂ ಇಲ್ಲ. ನೀಲಕ್ಕ ಮಾತ್ರ ಅವನನ್ನು ಬಲ್ಲವರಂತೆ ಮಾತಾಡುತ್ತಿದ್ದರು. "ಈ ಹೊಲಿಗಿ ನೋಡು. ಸಣ್ಣ ಸಣ್ಣವು, ಎಲ್ಲಾ ಒಂದ ಅಳತಿ. ಅವಸರ ಮಾಡಿಲ್ಲ ಅಂವ. ಬಡದಾವನೂ ಅಂವನ ಇರಬೇಕು, ಪಾಪ. ಹೊಟ್ಟಿಪಾಡು."

ಕಳೆದ ವರ್ಷ ಆ ದ್ವೀಪದ ನೆರೆಯ ದ್ವೀಪದವರಿಂದ ಪತ್ರ ಬಂತು. ಆ ಹಕ್ಕಿ ತಮ್ಮ ಕಡೆ ಗೂಡು ಕಟ್ಟುವುದು ನಿಂತು ಮೂರು ತಲೆಮಾರಾಯಿತು, ಒಂದನ್ನಾದರೂ ಮನೆಗೆ ಕಳಿಸಿ ಎಂದು. ಫ್ರಾವ್ ಕೆಸ್ಲರ್ ಒಪ್ಪಿದರು. ಆರಿಸಿದ್ದು ಒಂದು ಹೆಣ್ಣು ಹಕ್ಕಿಯನ್ನು. "ಹೆಣ್ಣು, ಮೊಟ್ಟೆಯ ಮೇಲೆ ಕೂತಿದ್ದಾಗ ಹಿಡಿದದ್ದು" ಎಂದು ಅದರ ಚೀಟಿಯಲ್ಲಿತ್ತು. ಹೊಟ್ಟೆಯ ಹೊಲಿಗೆ ಅರ್ಧ ಬಿಚ್ಚಿತ್ತು. ಈ ಏಪ್ರಿಲ್‌ನಲ್ಲಿ ನೀಲಕ್ಕ ಅದನ್ನು ಹೊಲಿದು ಕೊಟ್ಟರು.

ಜೂನಿನಲ್ಲಿ, ಕಳಿಸುವ ಮುಂಚೆ ಒಳಗೆ ತಂತಿ, ಮೊಳೆ ಏನಾದರೂ ಇದೆಯೇ ಎಂದು ನೋಡಲು ಹಕ್ಕಿಯನ್ನು ಸ್ಕ್ಯಾನ್ ಮಾಡಿದರು. ಮಾಡಿದವಳು ಮಧು. ಅವತ್ತು ಸಂಜೆ ಅವಳು ಮನೆಗೆ ಕುಣಿದುಕೊಂಡೇ ಬಂದಳು. ಭಾನುವಾರ ನೀಲಕ್ಕನನ್ನು ಊಟಕ್ಕೆ ಕರೆದೆವು. ಶಿವಲಿಂಗಯ್ಯನವರು ಎರ್ಲಾಂಗೆನ್‌ನಲ್ಲಿ ಮಗಳ ಮನೆಯಲ್ಲಿದ್ದರು. ಬಿಸಿಬೇಳೆಬಾತ್ ಬಡಿಸಿ ಕೈ ತೊಳೆದವಳೇ ಮಧು ಲ್ಯಾಪ್‌ಟಾಪ್ ತೆರೆದಳು.

"ನೋಡಿ ನೀಲಕ್ಕ, ಹತ್ತಿ ಒಳಗೆ. ಕಾಣಿಸ್ತಾ? ಅಕ್ಕಿ! ಒಂಬತ್ತು ಕಾಳು! ಆ ಕೂಲಿಯವರು ಜಪಾನಿನವರಾ, ಚೀನಾದವರಾ, ಬೇರೆ ದ್ವೀಪದವರಾ, ಯಾರಿಗೂ ಗೊತ್ತಿಲ್ಲ. ಒಂದು ಲಿಸ್ಟ್ ಇಲ್ಲ, ಫೋಟೋ ಇಲ್ಲ. ಈ ಅಕ್ಕಿ ಟೆಸ್ಟ್ ಮಾಡಿಸಿದ್ರೆ ಯಾವ ನೆಲದಲ್ಲಿ ಬೆಳೆದಿದ್ದು ಅಂತ ಹೇಳಬಹುದು. ಅವರ ಬಗ್ಗೆ ಸಿಕ್ಕಿರೋ ಮೊದಲನೇ ಎವಿಡೆನ್ಸ್ ಇದು!"

ಅವಳ ಸಂಭ್ರಮದ ಹಿಂದೆ ಇನ್ನೊಂದು ವಿಷಯವಿತ್ತು. ಸೆಪ್ಟೆಂಬರಿಗೆ ಅವಳ ಫೆರ್ಟ್ರಾಗ್, ಅಂದರೆ ಕೆಲಸದ ಕರಾರು, ಮುಗಿಯುತ್ತಿತ್ತು. ಆರು ವರ್ಷದಲ್ಲಿ ಅದು ನಾಲ್ಕನೆಯದು. ಮೂರು ವರ್ಷದ ಹೊಸ ಪ್ರಾಜೆಕ್ಟಿಗೆ ಅರ್ಜಿ ಹಾಕಲು ಮುಂದಿನ ಶುಕ್ರವಾರ ಕೊನೆಯ ದಿನ. ಆ ಕಾಳುಗಳಿದ್ದರೆ ಅರ್ಜಿಗೆ ಜೀವ, ಇಲ್ಲದಿದ್ದರೆ ಅವಳು ಹಕ್ಕಿಗಳಿಗೆ ಕೈ ಮುಗಿದು ಮನೆಯಲ್ಲಿ ಕೂರಬೇಕಿತ್ತು.

ನೀಲಕ್ಕ ಪರದೆಯನ್ನು ನೋಡಿದರು. ತಟ್ಟೆಯಲ್ಲಿದ್ದುದನ್ನು ಬೆರಳಿನಿಂದ ಆಡಿಸುತ್ತಾ ಕೂತರೇ ಹೊರತು ತಿನ್ನಲಿಲ್ಲ. "ಛಲೋ ಆತ ಮಗಳ" ಎಂದಷ್ಟೇ ಅಂದರು.

ಮಿಕ್ಕಿದ್ದನ್ನು ಡಬ್ಬಿಗೆ ಹಾಕಿಕೊಂಡು ಅವರನ್ನು ಬಿಡಲು ನಾನು ಮೆಟ್ಟಿಲಿಳಿದೆ. ಎರಡನೇ ಮಹಡಿಯಲ್ಲಿ ಅವರು ಕಂಬಿ ಹಿಡಿದು ನಿಂತುಬಿಟ್ಟರು.

"ಯತಿರಾಜಾ, ಆ ಕಾಳ ನಾ ಹಾಕಿದ್ದು."

"ಯಾವ ಕಾಳು?"

"ಹಕ್ಕಿ ಹೊಟ್ಯಾಗಿನ ಅಕ್ಕಿಕಾಳ. ಅರಿಶಿಣ ಹಚ್ಚಿ ಐದ ಕಾಳ ಹಾಕೀನಿ. ಕೌದಿ ಹೊಲಿಯೂಮುಂದ ಕೊನೀ ಹೊಲಿಗಿಗೆ ಒಳಗ ನಾಕ ಕಾಳರ ಇಟ್ಟು ಮುಚ್ಚತೇವಿ, ಖಾಲಿ ಹೊಟ್ಟಿ ಹೊಲೀಬಾರದು ಅಂತ. ಹದಿನಾಕ ವರ್ಷ ಹಕ್ಕಿ ಹೊಲದೀನಿ, ಒಂದಕ್ಕೂ ಹಾಕಿಲ್ಲ. ಇಕಿ ಮಾತ್ರ ಮನೀಗೆ ಹೊಂಟಾಕಿ. ಮೊಟ್ಟಿ ಮ್ಯಾಲಿಂದ ಎಬ್ಬಿಸಿ ತಂದಾರ. ಉಡಿ ತುಂಬದ ಹೆಂಗ ಕಳಸಲಿ ತಮ್ಮಾ?"

ಅವರ ಕಡೆ ಮನೆಯಿಂದ ಹೊರಡುವ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕಾಯಿ ಹಾಕಿ ಕಳಿಸುತ್ತಾರೆ. ಅದು ಉಡಿ. ನನಗೆ ಗೊತ್ತಿತ್ತು. ಆದರೆ ಮ್ಯೂಸಿಯಮ್ಮಿನಲ್ಲಿ ಅಕ್ಕಿ ಎಂದರೆ ಹುಳಕ್ಕೆ ಔತಣ, ಹುಳ ಹೊಕ್ಕರೆ ಡ್ರಾಯರುಗಟ್ಟಲೆ ಹಕ್ಕಿ ಪುಡಿ ಎನ್ನುವುದೂ ಗೊತ್ತಿತ್ತು. ಬ್ಯಾಗಿನಲ್ಲಿ ಬಿಸ್ಕತ್ತು ಇಟ್ಟುಕೊಂಡು ಬಂದ ವಿದ್ಯಾರ್ಥಿಯೊಬ್ಬನನ್ನು ಇದೇ ನೀಲಕ್ಕ ಬಾಗಿಲಿನಿಂದ ಆಚೆ ಅಟ್ಟಿದ್ದರು.

"ಹುಳ ಬಿದ್ರೆ ಏನ್ರೀ ಮಾಡ್ತೀರಿ?" ಎಂದೆ.

"ನನಗೇನ ಹುಚ್ಚ ಹಿಡದೈತೇನು? ಹುಳ ಸಾಯಲಿ ಅಂತ ಕಾಳನ್ನ ಎರಡ ವಾರ ಫ್ರೀಜರಿನ್ಯಾಗ ಇಟ್ಟ ಆಮ್ಯಾಲೆ ಒಯ್ದೀನಿ. ಮ್ಯೂಸಿಯಂ ನಿಯಮ."

ಇನ್ನೊಂದು ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಪಿತ್ತ ನೆತ್ತಿಗೇರಿತು. "ನೀಲಕ್ಕ, ಬಾಯಿ ಮುಚ್ಕೊಂಡು ಸುಮ್ನಿರಿ. ಯಾರಿಗೂ ಹೇಳ್ಬೇಡಿ. ಶುಕ್ರವಾರ ಅರ್ಜಿ ಹೋಗ್ಲಿ, ಆಮೇಲೆ ಏನಾದ್ರೂ ಆಗ್ಲಿ. ಅವಳು ಎಷ್ಟು ವರ್ಷದಿಂದ ಒದ್ದಾಡ್ತಿದಾಳೆ ನೀವೇ ನೋಡಿದೀರ. ನಿಮ್ಮ ಐದು ಕಾಳಿಗೋಸ್ಕರ ಅವಳ ಬಾಳು ಹಾಳು ಮಾಡ್ಬೇಡಿ!"

ಅವರು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡರು. "ಸುಳ್ಳ ಕಾಳಿನ ಮ್ಯಾಲೆ ಆ ಹುಡುಗಿ ನಿಲ್ಲಬೇಕೇನು? ಉಪ್ಪ ತಿಂದಾಕಿ ನಾನು, ನೀರೂ ನಾನ ಕುಡೀತೀನಿ," ಎಂದು ಒಬ್ಬರೇ ಇಳಿದು ಹೋದರು. ನಾನು ಮೇಲೆ ಬಂದು ಮಧುವಿಗೆ ಏನೂ ಹೇಳಲಿಲ್ಲ.

ಸೋಮವಾರ ರೈಲಿನಲ್ಲಿ, ಮಧು ಪಕ್ಕದಲ್ಲಿ ಕೂತಿದ್ದಾಗ ಅವರು ಹೇಳಿಬಿಟ್ಟರು. ಮಧು ನಿಲ್ದಾಣದಿಂದಲೇ ನನಗೆ ಫೋನ್ ಮಾಡಿದಳು. "ಎಲ್ಲಾ ಹೋಯ್ತು ಯತಿ," ಎಂದವಳೇ ಫೋನ್ ಇಟ್ಟಳು. ನಾನು ಆಫೀಸಿನಲ್ಲಿ ನೀಲಕ್ಕನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕುತ್ತಾ ಕೂತೆ. ಅಲ್ಲ ಸ್ವಾಮಿ, ಐದು ದಿನ ತಡೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ನೀಲಕ್ಕ ಅಲ್ಲಿಂದ ನೇರವಾಗಿ ಫ್ರಾವ್ ಕೆಸ್ಲರ್ ಬಳಿ ಹೋಗಿ, ಎಷ್ಟು ಕಾಳು, ಯಾವಾಗ, ಹೇಗೆ ಎಂಬುದನ್ನೆಲ್ಲ ಬರೆದು ಸಹಿ ಮಾಡಿದರು. ಕೆಸ್ಲರ್ ಎರಡೇ ಮಾತು ಹೇಳಿದರಂತೆ. ಇನ್ನು ಮುಂದೆ ನೀವು ಯಾವ ಹಕ್ಕಿಯನ್ನೂ ಮುಟ್ಟುವಂತಿಲ್ಲ. ಬುಧವಾರ ಈ ಹಕ್ಕಿಯನ್ನು ಬಿಚ್ಚುತ್ತೇವೆ, ನಿಮ್ಮ ಕಾಳು ಯಾವುದೆಂದು ಹೇಳಲು ಬನ್ನಿ. ಹದಿನಾಲ್ಕು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. "ನ್ಯಾಯ ಐತಿ," ಎಂದರು ನೀಲಕ್ಕ, ಕಣ್ಣು ಒರೆಸಿಕೊಳ್ಳುತ್ತಾ.

ಬುಧವಾರ ನಾನು ಅರ್ಧ ದಿನ ರಜೆ ಹಾಕಿ ಹೋದೆ. ಮಧುವನ್ನು ಸಮಾಧಾನ ಮಾಡಿ ಮನೆಗೆ ಕರೆತರಬೇಕೆಂದು. ಬಿಳಿ ದೀಪದ ಕೆಳಗೆ ಮೇಜಿನ ಮೇಲೆ ಹಕ್ಕಿ ಮಲಗಿತ್ತು. ಹಳೆಯ ಚರ್ಮಗಳಿಗೆ ವಿಷದ ಪುಡಿ ಸವರಿರುತ್ತಾರೆ, ಹಾಗಾಗಿ ಎಲ್ಲರಿಗೂ ಮಾಸ್ಕು. ಫ್ರಾವ್ ಕೆಸ್ಲರ್ ಕೈಗವಸು ಹಾಕಿಕೊಂಡು ನೀಲಕ್ಕನ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದರು. ನೀಲಕ್ಕ ಗೋಡೆಯ ಬಳಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಕತ್ತರಿ ಆಡಿದಾಗಲೆಲ್ಲ ಅವರ ಭುಜ ಅಲುಗುತ್ತಿತ್ತು.

ಹೊಲಿಗೆಯ ಕೆಳಗೇ ಸಿಕ್ಕವು. ಒಂದು, ಎರಡು, ಮೂರು, ನಾಲ್ಕು, ಐದು. ಉದ್ದನೆಯ ಕಾಳು, ಅರಿಶಿನದ ಹಳದಿ.

"ನನ್ನವು," ಎಂದರು ನೀಲಕ್ಕ. "ಐದೂ ಬಂದ್ವು."

ಕೆಸ್ಲರ್ ಚಿಮಟ ಕೆಳಗಿಟ್ಟರು. ಅತ್ತು ಅತ್ತು ಕಣ್ಣು ಊದಿದ್ದ ಮಧು ಥಟ್ಟನೆ ತಲೆ ಎತ್ತಿದಳು. "ಸ್ಕ್ಯಾನ್‌ನಲ್ಲಿ ಒಂಬತ್ತಿತ್ತು," ಎಂದಳು.

ಮಧು ಒಂಬತ್ತು ಎಂದಿದ್ದಳು, ನೀಲಕ್ಕ ಐದು ಎಂದಿದ್ದರು. ಅಳು, ಸಿಟ್ಟು, ನಾಚಿಕೆಯಲ್ಲಿ ಮುಳುಗಿದ್ದ ನಮಗೆ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಕೆಸ್ಲರ್ ಪರದೆಯ ಮೇಲಿನ ಚಿತ್ರ ದೊಡ್ಡದು ಮಾಡಿದರು. ಉಳಿದ ನಾಲ್ಕು ಆಳದಲ್ಲಿದ್ದವು, ಎದೆಯ ಹತ್ತಿರ, ನೀಲಕ್ಕ ಮುಟ್ಟದೇ ಬಿಟ್ಟಿದ್ದ ಹಳೆಯ ಹತ್ತಿಯ ನಟ್ಟನಡುವೆ. ಕೆಸ್ಲರ್ ಹತ್ತಿಯ ಪದರಗಳನ್ನು ಒಂದೊಂದಾಗಿ ಸರಿಸಿದರು. ನಾಲ್ಕು ಕಾಳು, ಒಂದಕ್ಕೊಂದು ಅಂಟಿಕೊಂಡು. ಗಿಡ್ಡ, ಗುಂಡು, ಕಂದು ತಿರುಗಿದವು. ಅರಿಶಿನದ ಸುಳಿವೇ ಇಲ್ಲ.

ನೂರಿಪ್ಪತ್ತು ವರ್ಷ ಆ ಹಕ್ಕಿಯ ಎದೆಯಲ್ಲಿ ಆ ನಾಲ್ಕು ಕಾಳು ಕೂತಿದ್ದವು. ಹಡಗು ಹತ್ತಿ, ಸಾಗರ ದಾಟಿ, ಎರಡು ಮಹಾಯುದ್ಧ ಕಳೆದು, ಈ ಡ್ರಾಯರಿನ ಕತ್ತಲಲ್ಲಿ.

ಕೆಸ್ಲರ್, "ಊಟ ಮಾಡುವಾಗ ಯಾರದೋ ಕೈಯಿಂದ ಬಿದ್ದಿರಬೇಕು," ಎಂದರು.

ನೀಲಕ್ಕ ಎರಡು ಹೆಜ್ಜೆ ಮುಂದೆ ಬಂದರು, ಕೈ ಬೆನ್ನ ಹಿಂದೆಯೇ. "ಬೆಂದದ್ದೋ, ಹಸಿಯೋ?" ಎಂದು ಜರ್ಮನ್‌ನಲ್ಲಿ ಕೇಳಿದರು.

ಕೆಸ್ಲರ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಹಸಿ."

"ಊಟದಿಂದ ಬಿದ್ದಿದ್ದರೆ ಅನ್ನ ಬೀಳಬೇಕಿತ್ತು," ಎಂದರು ನೀಲಕ್ಕ. ಆಮೇಲೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ಹಡಗ ಯಾವಾಗ ಬರತೈತೋ ಅಂತ ತಿಂಗಳಗಟ್ಟಲೆ ಹಸಕೊಂಡ ಕುಂತಾಂವ, ನಾಕ ಕಾಳ ಸುಮ್ಮನ ಚೆಲ್ಲತಾನೇನ ಮಧು? ಬಡದ ಕೈಯಿಂದನ ಹಾಕ್ಯಾನ. ಖಾಲಿ ಹೊಟ್ಟಿಲೆ ಕಳಿಸಿಲ್ಲ ಆಕಿನ್ನ." ಅಷ್ಟು ಹೇಳಿ ಅತ್ತುಬಿಟ್ಟರು. ಮಧು ಅವರನ್ನು ತಬ್ಬಿಕೊಂಡಳು.

ಅದು ನಿಜವೋ ಅಲ್ಲವೋ, ನಾನು ಹೇಳಲಾರೆ. ಮಧುವೂ ಅರ್ಜಿಯಲ್ಲಿ ಹಾಗೆ ಬರೆಯಲಿಲ್ಲ. ಬೇಯಿಸದ ಅಕ್ಕಿ, ನಾಲ್ಕು ಕಾಳು, ಹಳೆಯ ಹತ್ತಿಯ ನಡುವೆ ಎಂದು ಬರೆದು, ನೀಲಕ್ಕ ಸಹಿ ಮಾಡಿದ ಹೇಳಿಕೆಯನ್ನೂ ಜೊತೆಗಿಟ್ಟು ಶುಕ್ರವಾರ ಕಳಿಸಿದಳು. ನೀಲಕ್ಕ ನನ್ನ ಮಾತು ಕೇಳಿ ಸುಮ್ಮನಿದ್ದಿದ್ದರೆ? ಮೇಲೆ ಸಿಕ್ಕ ಹಳದಿ ಕಾಳನ್ನೇ ಹಳೆಯದಾಗಿ ಬಣ್ಣ ತಿರುಗಿದೆ ಎಂದುಕೊಂಡು ಮೊದಲು ಪರೀಕ್ಷೆಗೆ ಕಳಿಸುತ್ತಿದ್ದರು. ಮೊನ್ನೆ ಮೊನ್ನೆಯ ಅಕ್ಕಿ ಎಂದು ಉತ್ತರ ಬರುತ್ತಿತ್ತು. ಒಂಬತ್ತೂ ಕಸದ ಬುಟ್ಟಿಗೆ, ಮಧುವಿನ ಹೆಸರಿಗೆ ಮಸಿ. ಹೆಸರಿಲ್ಲದ ಆ ಮನುಷ್ಯ ಬಿಟ್ಟು ಹೋಗಿದ್ದ ಅಷ್ಟೂ ಗುರುತು ನನ್ನ ಜಾಣತನಕ್ಕೆ ಅಳಿಸಿ ಹೋಗುತ್ತಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಆಗಸ್ಟಿನಲ್ಲಿ ಹಕ್ಕಿ ಹೊರಟಿತು. ನೀಲಕ್ಕ ಈ ಸಲ ಬರೀ ಅತಿಥಿಯಾಗಿ ಬಂದಿದ್ದರು. ನಾಲ್ಕರಲ್ಲಿ ಒಂದು ಕಾಳು ಪರೀಕ್ಷೆಗೆ ಹೋಗಿತ್ತು. ಉಳಿದ ಮೂರನ್ನು ಫ್ರಾವ್ ಕೆಸ್ಲರ್ ಹತ್ತಿಯ ನಡುವೆ ಇದ್ದ ಜಾಗದಲ್ಲೇ ಇಟ್ಟರು. "ಅವಳೊಳಗೆ ಬಂದದ್ದು ಅವಳ ಜೊತೆ ಹೋಗಬೇಕು. ನಿಯಮ," ಎಂದರು, ನೀಲಕ್ಕನ ಮುಖ ನೋಡದೆ. ಬೇರೊಬ್ಬಳು ಹೊಲಿದಳು. "ಹೊಲಿಗಿ ದೂರ ದೂರ ಆದ್ವು," ಎಂದು ನೀಲಕ್ಕ ನನ್ನ ಕಿವಿಯಲ್ಲಿ ಗೊಣಗಿದರು. ಮಧು ಹಕ್ಕಿಯ ಕಾಲಿಗೆ, ಕ್ಯಾಪ್ಟನ್ನನ ಚೀಟಿಯ ಪಕ್ಕದಲ್ಲಿ, ಹೊಸ ಚೀಟಿಯೊಂದನ್ನು ಕಟ್ಟಿದಳು. ಅದರಲ್ಲಿ ಹೀಗಿತ್ತು: "ಮೊದಲು ಹೊಲಿದವರು: ಹೆಸರು ತಿಳಿಯದು. ಎರಡನೆಯ ಸಲ ಹೊಲಿದವರು: ನೀಲವ್ವ, ಡಾರ್ಮ್‌ಸ್ಟಾಟ್."

ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಮಧುವಿನ ಅರ್ಜಿಗೂ ಉತ್ತರವಿಲ್ಲ. ಅವತ್ತು ವಾಪಸ್ಸು ಬರುವ ರೈಲಿನಲ್ಲಿ ಮೂವರೂ ಒಟ್ಟಿಗೆ ಕೂತಿದ್ದೆವು. ಎರಡು ತಿಂಗಳಿಂದ ಮುಚ್ಚಿಟ್ಟಿದ್ದನ್ನು ನಾನು ಆಗ ಹೇಳಿದೆ. ಆ ಭಾನುವಾರವೇ ನನಗೆ ಎಲ್ಲ ಗೊತ್ತಿತ್ತೆಂದು, ಬಾಯಿ ಮುಚ್ಚಿಕೊಂಡಿರಿ ಎಂದು ನೀಲಕ್ಕನಿಗೆ ಹೇಳಿದವನು ನಾನೆಂದು. ಮಧು ನನ್ನ ಕಡೆ ತಿರುಗಿದಳು. ಅವಳ ಮುಖ ಕೆಂಪಗಾಗುತ್ತಿತ್ತು. ನೀಲಕ್ಕ ಇದನ್ನು ಅವಳಿಗೆ ಹೇಳಿಯೇ ಇರಲಿಲ್ಲ ಎಂದು ಆಗ ಖಾತ್ರಿಯಾಯಿತು.

ಮಧು ಬಾಯಿ ತೆರೆಯುವ ಮೊದಲೇ ನೀಲಕ್ಕ ಚೀಲದಿಂದ ಡಬ್ಬಿ ತೆಗೆದು, ಒಂದು ಶೇಂಗಾ ಹೋಳಿಗೆಯನ್ನು ನನ್ನ ಕೈಗಿಟ್ಟರು.

"ಮೊದಲ ತಿನ್ನು ತಮ್ಮಾ," ಎಂದರು. "ಖಾಲಿ ಹೊಟ್ಟಿಲೆ ಬೈಸಿಕೋಬಾರದು."